ಹದಿನೆಂಟು ಕಸುಬಿನ ಪಟ್ಟಿಯಲ್ಲಿ ಹಲಗಿ ಮಾಡುವವನು ಎಲ್ಲಿ?

ಸಿಂದಗಿ ಬಸ್ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ದೂರದ ಒಂದು ಆನ್‌ಲೈನ್ ಸೆಂಟರ್. ಪಹಣಿ ತೆಗೆಸೋರು, ಆಧಾರ್ ತಿದ್ದಿಸೋರು, ಸ್ಕಾಲರ್‌ಶಿಪ್ ಅರ್ಜಿ ಹಾಕೋ ಹುಡುಗರು. ನನ್ನ ಮುಂದಿನ ಪಾಳಿಯಲ್ಲಿ ಅರವತ್ತರ ಆಸುಪಾಸಿನ ಒಬ್ಬ ಹಿರಿಯರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್. ಪಿಎಂ ವಿಶ್ವಕರ್ಮ ಯೋಜನೆಗೆ ಹೆಸರು ಹಾಕಿಸೋಕೆ ಬಂದಿದ್ದರು.

"ಕಸಬು ಏನ್ ಹಾಕ್ಲಿ ಅಜ್ಜಾ?" ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಕೇಳಿದ.

"ಹಲಗಿ ಮಾಡೋದು ಅಂತ ಹಾಕಪಾ."

ಹುಡುಗ ಮೌಸ್ ಮೇಲೆ ಕೆಳಗೆ ಆಡಿಸಿದ. "ಹಲಗಿ ಅಂತ ಇದರಾಗ ಇಲ್ಲಜ್ಜ. ಚಪ್ಲಿ ಹೊಲಿಯೋದು ಅಂತ ಐತಿ. ಅದನ್ನ ಹಾಕ್ಲೇನು?"

"ನಾ ಚಪ್ಲಿ ಹೊಲ್ಯಾಂಗಿಲ್ಲೋ ತಮ್ಮಾ. ನನ್ನ ಕಸಬು ಹಲಗಿ."

"ಗೊತ್ತೈತಿ. ಆದ್ರ ಇದು ಒಪ್ಪಬೇಕಲ್ಲ?" ಹುಡುಗ ಮಾನಿಟರ್ ತೋರಿಸಿದ.

ನಾನು ಮೊಬೈಲ್ ತೆಗೆದು ಯೋಜನೆಯ ಪಟ್ಟಿ ನೋಡಿದೆ. 2023ರ ಸೆಪ್ಟೆಂಬರ್ 17ರಂದು ಪ್ರಧಾನಿ ಮೋದಿ ಚಾಲನೆ ಕೊಟ್ಟ ಈ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿ, ದೋಣಿ ಮಾಡುವವರು, ಆಯುಧ ಮಾಡುವವರು, ಕಮ್ಮಾರರು, ಸುತ್ತಿಗೆ ಮತ್ತು ಸಲಕರಣೆ ಮಾಡುವವರು, ಬೀಗ ಮಾಡುವವರು, ಅಕ್ಕಸಾಲಿಗರು, ಕುಂಬಾರರು, ಶಿಲ್ಪಿಗಳು, ಚಮ್ಮಾರರು, ಗಾರೆ ಕೆಲಸದವರು, ಬುಟ್ಟಿ-ಚಾಪೆ-ಕಸಬರಿಗೆ ಹೆಣೆಯುವವರು, ಗೊಂಬೆ ಮಾಡುವವರು, ಕ್ಷೌರಿಕರು, ಹೂಮಾಲೆ ಕಟ್ಟುವವರು, ಅಗಸರು, ದರ್ಜಿಗಳು, ಮೀನಿನ ಬಲೆ ಹೆಣೆಯುವವರು. ಮುಗಿಯಿತು. ಹಲಗಿ, ಡೊಳ್ಳು, ತಬಲಾ, ತಂಬೂರಿ, ಶಹನಾಯಿ, ಹಾರ್ಮೋನಿಯಂ, ಏಕತಾರಿ ಮಾಡುವ ಒಬ್ಬರೂ ಇದರಲ್ಲಿಲ್ಲ.

ನಾನು ಎಂಜಿನಿಯರಿಂಗ್ ಓದಿದವನು. ಡ್ರಾಪ್‌ಡೌನ್ ಪಟ್ಟಿಗೆ ಹತ್ತೊಂಬತ್ತನೇ ಹೆಸರು ಸೇರಿಸೋಕೆ ಎಷ್ಟು ಹೊತ್ತು ಬೇಕು ಅಂತ ಗೊತ್ತು. ಐದು ನಿಮಿಷ. ಸೇರಿಸಬೇಕು ಅಂತ ಯಾರಿಗೂ ಅನ್ನಿಸಲೇ ಇಲ್ಲ ಅನ್ನೋದು ಸಾಫ್ಟ್‌ವೇರ್ ಸಮಸ್ಯೆ ಅಲ್ಲ. ಸಂಗೀತ ಅಂದಾಗ ಈ ದೇಶಕ್ಕೆ ಹಾಡೋರು ಕಾಣ್ತಾರೆ, ಬಾರಿಸೋರು ಕಾಣ್ತಾರೆ, ವಾದ್ಯ ಮಾಡೋ ಕಾರ್ಮಿಕ ಕಾಣಲ್ಲ. ಸಣ್ಣ ಗುಡಿಸಲಲ್ಲಿ ಕೂತರೂ ಕಾಣಲ್ಲ, ಸಾವಿರ ಜನರ ಫ್ಯಾಕ್ಟರಿಯಲ್ಲಿ ನಿಂತರೂ ಕಾಣಲ್ಲ. ಈ ಬರಹ ಅದರ ಬಗ್ಗೆ.

ಕಾಯವೇ ವಾದ್ಯ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ತಾಲೂಕು ಸುದ್ದಿಯಾಗೋದು ಬರ ಬಿದ್ದಾಗ, ಭೀಮೆಯೋ ಕೃಷ್ಣೆಯೋ ಉಕ್ಕಿದಾಗ, ಇಲ್ಲವೇ ಗುಳೆ ಹೋದವರ ಟೆಂಪೋ ಮಗುಚಿದಾಗ. ಆದರೆ ಕನ್ನಡದಲ್ಲಿ ಹಾಡು ಮತ್ತು ವಾದ್ಯದ ಬಗ್ಗೆ ಮಾತಾಡಬೇಕೆಂದರೆ ಈ ನೆಲವನ್ನು ಬಿಟ್ಟು ಮಾತಾಡೋಕೆ ಆಗಲ್ಲ.

ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ತನ್ನ ದೇಹವನ್ನೇ ವಾದ್ಯವಾಗಿ ಮಾಡಿಕೋ ಎಂದು ಕೂಡಲಸಂಗಮನನ್ನು ಕೇಳುವ ವಚನ ನಿಮಗೆಲ್ಲ ಗೊತ್ತಿರುತ್ತೆ. ಶಾಲೆಯ ವಾರ್ಷಿಕೋತ್ಸವದಿಂದ ಹಿಡಿದು ಶಾಸ್ತ್ರೀಯ ಕಛೇರಿಯವರೆಗೆ ಎಲ್ಲ ಕಡೆ ಹಾಡ್ತಾರೆ. ಅದನ್ನು ಭಕ್ತಿಯ ಕಣ್ಣಿನಿಂದ ಓದಿರ್ತೀವಿ. ಒಮ್ಮೆ ವಾದ್ಯ ಮಾಡೋರ ಕಣ್ಣಿನಿಂದ ಓದಿ. ದಂಡಿಗೆ ಯಾವುದು, ಸೋರೆ ಬುರುಡೆ ಎಲ್ಲಿ ಕೂರಬೇಕು, ತಂತಿ ಯಾವುದು, ಕಡ್ಡಿ ಯಾವುದು ಎಂದು ವಾದ್ಯದ ಒಂದೊಂದು ಭಾಗವನ್ನೂ ಹೆಸರು ಹಿಡಿದು ಹೇಳುವ ವಚನ ಅದು. ಕಾಯಕ ಅನ್ನೋ ಮಾತಿಗೆ ಬೆಲೆ ತಂದ ಚಳವಳಿಯವರಿಗೆ ವಾದ್ಯದ ಹಿಂದಿನ ಕೆಲಸವೂ ಕಾಣ್ತಿತ್ತು.

ನಂತರದವರಿಗೆ ಕಾಣಲಿಲ್ಲ. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ ಸಂಗೀತದ ಹುಚ್ಚಿನ ದೊರೆ. ಕಿತಾಬ್-ಎ-ನೌರಸ್ ಬರೆದವನು. ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟು ಮುದ್ದು ಮಾಡಿದವನು. ನಾನೂರು ವರ್ಷವಾದರೂ ತಂಬೂರಿಯ ಹೆಸರು ಉಳಿದಿದೆ. ಅದನ್ನು ಮಾಡಿದವನ ಹೆಸರನ್ನು ಯಾವ ಗೈಡ್ ಕೂಡ ಹೇಳಲ್ಲ.

ಇನ್ನೂ ಈಚೆಗೆ ಬನ್ನಿ. ಆಗ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ ಮತ್ತವರ ಗೆಳೆಯರು ಊರೂರು ಅಲೆದು ಹಾಡು ಕೂಡಿಸಿದರು. 1931ರಲ್ಲಿ 'ಗರತಿಯ ಹಾಡು', 1933ರಲ್ಲಿ ಲಾವಣಿಗಳ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ' ಬಂದವು. ಬೀಸುವ ಹೆಂಗಸರ ಬಾಯಲ್ಲಿದ್ದ ಮಾತಿಗೆ ಅವರು ಪುಸ್ತಕದಲ್ಲಿ ಜಾಗ ಕೊಟ್ಟರು. ದೊಡ್ಡ ಕೆಲಸ. ಆ ಲಾವಣಿಯ ಹಿಂದೆ ಬಾರಿಸಿದ ಚರ್ಮ ಹದ ಮಾಡಿದವರಿಗೆ ಇನ್ನೂ ಯಾರೂ ಪುಸ್ತಕದಲ್ಲಿ ಜಾಗ ಕೊಟ್ಟಿಲ್ಲ.

ಮಿರಜದ ದವಾಖಾನೆ ಗೊತ್ತು, ಸಿತಾರ್ ಓಣಿ?

ನಮ್ಮ ಕಡೆ ಮಿರಜ ಅಂದರೆ ದವಾಖಾನೆ. ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಜತ್ತ ದಾಟಿ ಮಿರಜಕ್ಕೆ ಒಯ್ಯೋದು ಹಳೆಯ ರೂಢಿ. ಅದೇ ಊರಲ್ಲಿ ಭಾರತದ ಅತ್ಯುತ್ತಮ ಸಿತಾರ್, ತಂಬೂರಿಗಳು ತಯಾರಾಗ್ತವೆ ಅಂತ ಆ ದವಾಖಾನೆಯ ಬೆಂಚಿನ ಮೇಲೆ ಕೂತ ಎಷ್ಟು ಜನಕ್ಕೆ ಗೊತ್ತಿರುತ್ತೆ?

ಮಿರಜದ ವಾದ್ಯಗಾರರ ಪೂರ್ವಜರು ಶಿಕಲಗಾರರು. ಕತ್ತಿ, ಭರ್ಚಿ ಮಸೆದು ಕೊಡುತ್ತಿದ್ದವರು. ಸಂಸ್ಥಾನಗಳ ಯುದ್ಧಗಳು ನಿಂತು ಕತ್ತಿಗೆ ಕೆಲಸ ಕಡಿಮೆಯಾದಾಗ ತಂತಿವಾದ್ಯಕ್ಕೆ ಕೈ ಹಾಕಿದರು. ಫರೀದ್‌ಸಾಹೇಬ್ ಸಿತಾರ್‌ಮೇಕರ್ ಅನ್ನೋ ಹೆಸರಿಂದ ಈ ಪರಂಪರೆ ಎಣಿಸುತ್ತಾರೆ. ಮುಂದೆ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ಮಿರಜದಲ್ಲೇ ನೆಲೆ ನಿಂತರು. ಅವರ ಶಿಷ್ಯ ಸವಾಯಿ ಗಂಧರ್ವ, ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಧಾರವಾಡದ ಗಾಯನ ಅಂತ ನಾವು ಎದೆ ಉಬ್ಬಿಸಿ ಹೇಳೋ ಆ ದನಿಗಳ ಹಿಂದೆ ಮಿರಜದ ತಂಬೂರಿ ಇತ್ತು.

ಇಲ್ಲಿ ಒಂದು ಕಹಿ ತಮಾಷೆ ಗಮನಿಸಿ. ವಿಶ್ವಕರ್ಮ ಯೋಜನೆಯ 18 ಕಸುಬಿನಲ್ಲಿ ಆಯುಧ ಮಾಡುವವರಿಗೆ ಜಾಗ ಇದೆ. ಕತ್ತಿ ಬಿಟ್ಟು ಸಿತಾರ್ ಹಿಡಿದವರಿಗೆ ಇಲ್ಲ.

ತಂಬೂರಿಯ ಬುರುಡೆ ಅಂದರೆ ಕಹಿ ಸೋರೆ. ಅದು ಬರೋದು ಸೊಲ್ಲಾಪುರ ಜಿಲ್ಲೆಯ ಪಂಢರಪುರ, ಮಂಗಳವೇಡೆ ಸೀಮೆಯಿಂದ. ಅಂದರೆ ಇಂಡಿ, ಸಿಂದಗಿಗೆ ಇಳಿದು ಬರುವ ಅದೇ ಭೀಮಾ ಹೊಳೆಯ ದಂಡೆ. ಬಿಜ್ಜಳನ ಬಳಿ ಬಸವಣ್ಣ ಕರಣಿಕನಾಗಿ ಕೆಲಸಕ್ಕೆ ಸೇರಿದ ಊರು ಅದೇ ಮಂಗಳವೇಡೆ. ಮರ ನಮ್ಮ ಕರ್ನಾಟಕದ ಕಾಡಿನಿಂದ ಹೋಗುತ್ತೆ. ಬುರುಡೆ ಹೊಳೆಯ ಮೇಲಿನದು, ಮರ ನಮ್ಮದು, ನುಡಿಸೋ ಕೈ ಧಾರವಾಡದ್ದು. ವಾದ್ಯಕ್ಕೆ ರಾಜ್ಯದ ಗಡಿ ಇಲ್ಲ. ಕಾರ್ಮಿಕನ ಸವಲತ್ತಿಗೆ ಮಾತ್ರ ಇದೆ.

ಈಗ ಕೆಲಸದ ವಿಚಾರಕ್ಕೆ ಬರೋಣ. ಬುರುಡೆಯನ್ನು ತಿಂಗಳುಗಟ್ಟಲೆ ಒಣಗಿಸಬೇಕು, ನೆನೆಸಿ ಕೊಯ್ದು ಆಕಾರಕ್ಕೆ ತರಬೇಕು. ಮರ ಕೊರೆಯಬೇಕು, ಉಜ್ಜಬೇಕು, ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಪಾಲಿಶ್ ಹೊಡೆಯಬೇಕು. ಕೊನೆಗೆ ಜವಾರಿ. ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜಿ, ತಂತಿ ಮೀಟಿ, ಕಿವಿಯಿಂದ ಅಳೆದು, ಮತ್ತೆ ಉಜ್ಜೋ ಕೆಲಸ. ಇದೆಲ್ಲ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ, ಬೆನ್ನು ಬಗ್ಗಿಸಿ, ಪಾದದಿಂದ ಮರ ಒತ್ತಿ ಹಿಡಿದು ನಡೆಯುತ್ತೆ. ಸಣ್ಣ ಕೋಣೆಯಲ್ಲಿ ಮರದ ಪುಡಿ ಹಾರಾಡ್ತಿರುತ್ತೆ. ಮರದ ಪುಡಿ ಕ್ಯಾನ್ಸರ್ ತರುತ್ತೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮೊದಲ ದರ್ಜೆಯ ಪಟ್ಟಿಗೆ ಸೇರಿಸಿದೆ. ಮೂಗಿನೊಳಗಿನ ಕ್ಯಾನ್ಸರ್‌ಗೂ ಇದಕ್ಕೂ ನಂಟು ಸಾಬೀತಾಗಿದೆ. ಬಸವಣ್ಣ ಕಾಯವನ್ನು ವಾದ್ಯವಾಗಿಸು ಅಂದದ್ದು ಭಕ್ತಿಯಿಂದ. ಇಲ್ಲಿ ಕಾಯ ಪುಡಿಪುಡಿಯಾಗಿ ವಾದ್ಯದೊಳಗೆ ಹೋಗ್ತಾ ಇರೋದು ಹೊಟ್ಟೆಪಾಡಿಗೆ.

2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೆ ಜಿಐ ಟ್ಯಾಗ್ ಸಿಕ್ಕಿತು. ಆಗ ಅಲ್ಲಿನ ತಯಾರಕರೇ ಹೇಳಿದ ಲೆಕ್ಕ ಇದು: ವಾದ್ಯ ತಯಾರಿಕೆಯಲ್ಲಿ 450ಕ್ಕೂ ಹೆಚ್ಚು ಕುಶಲಕರ್ಮಿಗಳು, ತಿಂಗಳಿಗೆ 60ರಿಂದ 70 ಸಿತಾರ್, 50ರಿಂದ 60 ತಂಬೂರಿ. ಸಂತೋಷದ ಸುದ್ದಿ. ಆದರೆ ಜಿಐ ಅಂದರೆ ಏನು ಅನ್ನೋದನ್ನ ಸರಿಯಾಗಿ ತಿಳ್ಕೋಬೇಕು. ಬೇರೆ ಊರಲ್ಲಿ ಮಾಡಿದ್ದನ್ನು ಮಿರಜದ್ದು ಅಂತ ಮಾರಬಾರದು ಅನ್ನೋದು ಜಿಐ. ಅದು ಸರಕಿನ ಹೆಸರಿಗೆ ಕೊಟ್ಟ ರಕ್ಷಣೆ. ಮಾಡುವವನ ಕೂಲಿ ಎಷ್ಟಿರಬೇಕು, ಕೋಣೆಗೆ ಕಿಟಕಿ ಇರಬೇಕೋ ಬೇಡವೋ, ಬೆನ್ನು ಬಿದ್ದ ಮೇಲೆ ಪಿಂಚಣಿ ಯಾರು ಕೊಡಬೇಕು, ಇದ್ಯಾವುದರ ಬಗ್ಗೆಯೂ ಅದು ಮಾತಾಡಲ್ಲ. ನಮ್ಮ ಇಂಡಿ ಲಿಂಬೆಗೂ ಜಿಐ ಬಂದಿದೆ. ಲಿಂಬೆಗೆ ಹೆಸರು ಬಂತು, ಒಳ್ಳೇದಾಯ್ತು. ಲಿಂಬೆ ಹರಿಯೋ ಹೆಣ್ಣುಮಕ್ಕಳ ದಿನಗೂಲಿ ಆ ಸರ್ಟಿಫಿಕೇಟಿನಲ್ಲಿ ಎಲ್ಲೂ ಬರೆದಿಲ್ಲ.

ಬೇಡಿಕೆಯ ಕಡೆಯೂ ಒಂದು ಮಾತು. ಬೆಂಗಳೂರಿನಲ್ಲಿ ಎಚ್‌ಎಎಲ್ ಎಂಜಿನಿಯರ್ ಆಗಿದ್ದ ಜಿ. ರಾಜನಾರಾಯಣ್ ಅವರ ರಾಡೆಲ್ ಕಂಪನಿ ಎಲೆಕ್ಟ್ರಾನಿಕ್ ತಂಬೂರಿ ತಂದಿತು. ಸಂಗೀತ ಕಲಿಯೋ ಬಡ ಮಧ್ಯಮ ವರ್ಗದ ಮಕ್ಕಳಿಗೆ ಅದು ವರ. ಈಗ ಮೊಬೈಲ್ ಆಪ್‌ನಲ್ಲಿ ತಂಬೂರಿ ಪುಕ್ಕಟೆ. ನಾನು ಯಂತ್ರದ ವಿರೋಧಿಯಲ್ಲ, ನನ್ನ ಫೋನಿನಲ್ಲೂ ಆ ಆಪ್ ಇದೆ. ಆದರೆ ಕಲಿಯೋರೆಲ್ಲ ಆಪ್ ಕಡೆ ಹೋದಾಗ ಮಿರಜದ ಓಣಿಯಲ್ಲಿ ಉಳಿಯೋದು ಕಛೇರಿ ಕಲಾವಿದರ ಮತ್ತು ಹೊರದೇಶದವರ ಆರ್ಡರ್ ಮಾತ್ರ. ಆರ್ಡರ್ ಬಂದರೆ ಕೂಲಿ, ಬರದಿದ್ದರೆ ಇಲ್ಲ.

ಕಾನೂನಿನ ಜರಡಿಯ ತೂತು

"ಕಾರ್ಮಿಕ ಕಾನೂನು ಇಲ್ಲವಾ?" ಅಂತ ನೀವು ಕೇಳಬಹುದು. ಇದೆ, ಜರಡಿಯಂತೆ. ಸಣ್ಣವರು ಕೆಳಗೆ ಉದುರಿ ಹೋಗ್ತಾರೆ.

1948ರ ಕಾರ್ಖಾನೆ ಕಾಯ್ದೆಯಲ್ಲಿ ವಿದ್ಯುತ್ ಬಳಸಿದರೆ 10, ಬಳಸದಿದ್ದರೆ 20 ಕಾರ್ಮಿಕರಿದ್ದರೆ ಅದು ಕಾರ್ಖಾನೆ. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಆ ಗೆರೆ 20 ಮತ್ತು 40ಕ್ಕೆ ಏರಿತು. ಅಪ್ಪ, ಮಗ, ಅಳಿಯ, ಇಬ್ಬರು ಕೆಲಸದ ಹುಡುಗರು ಕೂತ ಸಿತಾರ್ ಅಂಗಡಿ ಹಳೆಯ ಗೆರೆಯೊಳಗೂ ಇರಲಿಲ್ಲ, ಹೊಸದರಿಂದ ಇನ್ನೂ ದೂರ ಹೋಯ್ತು. ಧೂಳು ಎಳೆಯೋ ಫ್ಯಾನ್ ಇದೆಯಾ ಅಂತ ನೋಡೋಕೆ ಯಾವ ಇನ್ಸ್‌ಪೆಕ್ಟರೂ ಬರೋದಿಲ್ಲ. ಕನಿಷ್ಠ ಕೂಲಿ ಎಲ್ಲ ನೌಕರರಿಗೂ ಅನ್ವಯ ಅಂತ ಕೂಲಿ ಸಂಹಿತೆ ಹೇಳುತ್ತೆ ನಿಜ. ಆದರೆ ಪೀಸ್ ಲೆಕ್ಕದಲ್ಲಿ ದುಡಿಯುವವನ ಕೈಯಲ್ಲಿ ತಾನು ನೌಕರ ಅಂತ ತೋರಿಸೋ ಒಂದು ಚೀಟಿಯೂ ಇರಲ್ಲ.

ತೆರಿಗೆಯಲ್ಲೂ ಇದೇ ಕಥೆ. ಕೈಯಿಂದ ಮಾಡಿದ ದೇಸಿ ವಾದ್ಯಕ್ಕೆ ಜಿಎಸ್‌ಟಿ ಇಲ್ಲ. ಕೇಳೋಕೆ ಚಂದ. ಆದರೆ ಸರಕಿಗೆ ತೆರಿಗೆ ಇಲ್ಲದಿದ್ದರೆ ಕಚ್ಚಾ ಮಾಲಿಗೆ ಕಟ್ಟಿದ ತೆರಿಗೆ ವಾಪಸ್ ಬರಲ್ಲ. ಮರ, ತಂತಿ, ಪಾಲಿಶ್ ಕೊಂಡಾಗ ಕಟ್ಟಿದ್ದು ಮಾಡುವವನ ತಲೆಯ ಮೇಲೇ ಉಳಿಯುತ್ತೆ. ರಿಯಾಯಿತಿ ಸಿಕ್ಕಿದ್ದು ಕೊಳ್ಳುವವನಿಗೆ.

ಕರ್ನಾಟಕ ಸರ್ಕಾರವೂ ಹೊರತಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ವಯಸ್ಸಾದ ಕಲಾವಿದರಿಗೆ ಮಾಸಾಶನ ಕೊಡುತ್ತೆ. ಕಲಾ ತಂಡಗಳಿಗೆ ವಾದ್ಯ ಪರಿಕರ, ವೇಷಭೂಷಣ ಕೊಳ್ಳೋಕೆ ಧನಸಹಾಯ ಕೊಡುತ್ತೆ. ಎರಡೂ ಬೇಕಾದವೇ. ಆದರೆ ನೋಡಿ: ಡೊಳ್ಳು ಕೊಳ್ಳುವವರಿಗೆ ಸರ್ಕಾರದ ದುಡ್ಡಿದೆ, ಬಾರಿಸುವವರಿಗಿದೆ, ಆ ಡೊಳ್ಳು ಮಾಡುವವರನ್ನು ಅದು ಮಾತಾಡಿಸೋದೇ ಇಲ್ಲ.

ದೊಡ್ಡ ಫ್ಯಾಕ್ಟರಿ ಬಂದರೆ ಸರಿಹೋಗುತ್ತಾ?

"ಇದೆಲ್ಲ ಹಳೇ ಕಾಲದ ಗುಡಿ ಕೈಗಾರಿಕೆ. ದೊಡ್ಡ ಫ್ಯಾಕ್ಟರಿ ಬರಲಿ, ಪಿಎಫ್ ಬರುತ್ತೆ, ಇಎಸ್ಐ ಬರುತ್ತೆ" ಅನ್ನೋರಿದ್ದಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಏಷ್ಯಾದ ವಾದ್ಯ ಫ್ಯಾಕ್ಟರಿಗಳ ಕಥೆ ಓದಿದ ಮೇಲೆ ಅಷ್ಟು ಸಲೀಸಾಗಿ ಹೇಳೋಕೆ ಆಗ್ತಿಲ್ಲ.

ದಕ್ಷಿಣ ಕೊರಿಯಾದ ಕೋರ್ಟ್ ಅನ್ನೋ ಗಿಟಾರ್ ಕಂಪನಿ ತನ್ನ ಹೆಸರಲ್ಲೂ, ಜಗತ್ತಿನ ದೊಡ್ಡ ಬ್ರ್ಯಾಂಡುಗಳಿಗೂ ಗಿಟಾರ್ ಮಾಡಿಕೊಡ್ತಿತ್ತು. ಇಂಚಿಯಾನ್ ಮತ್ತು ದೇಜಾನ್ ಊರುಗಳಲ್ಲಿ ಅದರ ಫ್ಯಾಕ್ಟರಿಗಳು. ಒಳಗೆ ಮರದ ಪುಡಿ, ಬಣ್ಣದ ರಾಸಾಯನಿಕ. ಹೊರಗೆ ನೋಡ್ತಾ ಕೂತರೆ ಕೆಲಸ ಕೆಡುತ್ತೆ ಅಂತ ಕಿಟಕಿಯನ್ನೇ ಇಟ್ಟಿರಲಿಲ್ಲ ಎಂಬುದು ಕಾರ್ಮಿಕರ ದೂರು. ಅವರು ಸಂಘ ಕಟ್ಟಿದರು. 2007ರಲ್ಲಿ ಇಂಚಿಯಾನ್‌ನಲ್ಲಿ ಕೆಲಸದಿಂದ ತೆಗೆಯೋದು ಶುರುವಾಯ್ತು, ದೇಜಾನ್ ಫ್ಯಾಕ್ಟರಿಗೆ ಬೀಗ ಬಿತ್ತು, ಮರುವರ್ಷ ಇಂಚಿಯಾನ್‌ಗೂ ಬಿತ್ತು. ಉತ್ಪಾದನೆ ಇಂಡೋನೇಷ್ಯಾ, ಚೀನಾ ಕಡೆ ಹೋಯ್ತು.

ಕಾರ್ಮಿಕರು ಬಿಡಲಿಲ್ಲ. ಜರ್ಮನಿಯ ಫ್ರಾಂಕ್‌ಫರ್ಟ್ ವಾದ್ಯ ಮೇಳದ ಬಾಗಿಲಲ್ಲಿ, ಅಮೆರಿಕದ ವಾದ್ಯ ಮೇಳದ ಬಾಗಿಲಲ್ಲಿ ಹೋಗಿ ನಿಂತರು. ರೇಜ್ ಅಗೇನ್ಸ್ಟ್ ದ ಮಷೀನ್ ಬ್ಯಾಂಡಿನ ಗಿಟಾರ್ ವಾದಕ ಟಾಮ್ ಮೊರೆಲ್ಲೊ ಅವರ ಬೆನ್ನಿಗೆ ನಿಂತರು. ನ್ಯಾಯಾಲಯ ಒಮ್ಮೆ ಕಾರ್ಮಿಕರ ಪರ, ಇನ್ನೊಮ್ಮೆ ಕಂಪನಿ ಪರ ತೀರ್ಪು ಕೊಟ್ಟಿತು. ಕೊನೆಗೆ 2019ರ ಏಪ್ರಿಲ್‌ನಲ್ಲಿ, ಹದಿಮೂರನೇ ವರ್ಷಕ್ಕೆ, ಒಪ್ಪಂದ ಆಯ್ತು. ಈ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ವಿಷಯ. ವರ್ಷಗಟ್ಟಲೆ ಗಿಟಾರ್ ಮಾಡಿದ್ದ ಆ ಕಾರ್ಮಿಕರಿಗೆ ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ. ಕೆಲಸ ಕಳೆದುಕೊಂಡ ಮೇಲೆ, ಧರಣಿ ಟೆಂಟಿನಲ್ಲಿ ಕಲಿತು ಬ್ಯಾಂಡ್ ಕಟ್ಟಿದರು.

ಇಂಡೋನೇಷ್ಯಾಕ್ಕೆ ಹೋದ ಕೆಲಸ ಅಲ್ಲಾದರೂ ನೆಲೆ ನಿಲ್ಲುತ್ತಾ? ಜಪಾನಿನ ಯಮಾಹಾ ಕಂಪನಿ ತನ್ನ ಎರಡು ಪಿಯಾನೋ ಘಟಕಗಳನ್ನು ಅಲ್ಲಿ ಮುಚ್ಚುತ್ತಿದೆ, ಸುಮಾರು 1,100 ಜನ ಕೆಲಸ ಕಳೆದುಕೊಳ್ತಾರೆ ಎಂದು 2025ರ ಆರಂಭದಲ್ಲಿ ಅಲ್ಲಿನ ಕಾರ್ಮಿಕ ಸಂಘಟನೆ ಹೇಳಿತು. ಅದೇ ಯಮಾಹಾ 2019ರಿಂದ ನಮ್ಮ ಚೆನ್ನೈ ಬಳಿ ಕೀಬೋರ್ಡ್ ಮಾಡ್ತಿದೆ. ಕೆಲಸ ಕೊರಿಯಾದಿಂದ ಇಂಡೋನೇಷ್ಯಾಕ್ಕೆ ನಡೆಯುತ್ತೆ, ಅಲ್ಲಿಂದ ಮತ್ತೆಲ್ಲಿಗೋ. ಈಗ ಬಾಗಿಲು ತೆರೆದು ನಿಂತವರು ನಾವು.

ಗುಳೆ ಹೋದವರು ಗಿಟಾರ್ ತಂದ ಊರು

ಆದರೂ ಒಂದು ಊರಿನ ಕಥೆ ವಿಜಯಪುರದವರು ಕೇಳಲೇಬೇಕು. ಚೀನಾದ ಗೈಝೌ ಪ್ರಾಂತದ ಜೆಂಗ್‌ಆನ್. ಗುಡ್ಡಗಾಡಿನ ಬಡ ತಾಲೂಕು. 1987ರಲ್ಲಿ ಅಲ್ಲಿನ ಆಡಳಿತವೇ 300 ಯುವತಿಯರನ್ನು ದುಡಿಯೋಕೆ ಗುವಾಂಗ್‌ಡಾಂಗ್‌ಗೆ ಕಳಿಸಿತು. ಅವರ ಹಿಂದೆ ಸಾವಿರಾರು ಜನ ಹೋದರು. ಹಲವರು ಸೇರಿದ್ದು ಗಿಟಾರ್ ಫ್ಯಾಕ್ಟರಿಗಳಿಗೆ. 2013ರ ಹೊತ್ತಿಗೆ ಆಡಳಿತ ಅವರನ್ನೇ ವಾಪಸ್ ಕರೆಯಿತು: ಜಾಗ ಕೊಡ್ತೀವಿ, ಶೆಡ್ ಕೊಡ್ತೀವಿ, ಇಲ್ಲೇ ಮಾಡಿ. ಇವತ್ತು ಆ ತಾಲೂಕಿನಿಂದ ವರ್ಷಕ್ಕೆ ಹತ್ತಾರು ಲಕ್ಷ ಗಿಟಾರ್ ಜಗತ್ತಿಗೆ ಹೋಗ್ತವೆ.

ನಮ್ಮ ನಾಲ್ಕು ತಾಲೂಕಿನ ಜನ ಗೋವಾ, ಪುಣೆ, ಮುಂಬಯಿ, ಮಂಗಳೂರಿಗೆ ಹೋಗಿ ತಲೆಮಾರು ಕಳೆದವು. ಕಟ್ಟಡ ಕಟ್ಟಿದರು, ಕಬ್ಬು ಕಡಿದರು, ಬಂದರಿನಲ್ಲಿ ಮೂಟೆ ಹೊತ್ತರು. ಅವರು ಕಲಿತ ಕೆಲಸ ಏನು ಅಂತ ಯಾವ ಜಿಲ್ಲಾಡಳಿತ ಕೂತು ಪಟ್ಟಿ ಮಾಡಿದೆ? ಯಾರನ್ನು ಕರೆದು, ಬನ್ನಿ, ಇಲ್ಲೇ ಶುರು ಮಾಡಿ ಅಂದಿದೆ?

ಜೆಂಗ್‌ಆನ್ ಮಾದರಿಯನ್ನು ಹಾಗೇ ಎತ್ತಿ ತನ್ನಿ ಅಂತ ನಾನು ಹೇಳ್ತಿಲ್ಲ. ಚೀನಾದಲ್ಲಿ ಕಾರ್ಮಿಕರು ಸ್ವತಂತ್ರ ಸಂಘ ಕಟ್ಟೋ ಹಾಗಿಲ್ಲ. ನಮ್ಮಲ್ಲಿ ಆ ಹಕ್ಕು ಇದೆ, ಅದನ್ನು ತೆಳ್ಳಗೆ ಮಾಡೋ ಕೆಲಸವೂ ನಡೀತಿದೆ. 2023ರಲ್ಲಿ ಕರ್ನಾಟಕ ದಿನಕ್ಕೆ 12 ತಾಸು ದುಡಿಸೋಕೆ ಅವಕಾಶ ಕೊಡುವ ತಿದ್ದುಪಡಿ ತಂದಿತು. ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 300ಕ್ಕಿಂತ ಕಡಿಮೆ ಕಾರ್ಮಿಕರಿರೋ ಫ್ಯಾಕ್ಟರಿ ಮುಚ್ಚೋಕೆ ಸರ್ಕಾರದ ಅನುಮತಿ ಬೇಡ. ಮೊದಲು ಆ ಗೆರೆ 100 ಇತ್ತು. ದೇಜಾನ್‌ನಲ್ಲಿ ಆದದ್ದು ಇಲ್ಲಾದರೆ ಕಾನೂನು ಯಾರ ಕಡೆ ಇರುತ್ತೆ ಅಂತ ನೀವೇ ಲೆಕ್ಕ ಹಾಕಿ. ಬಸವನ ಬಾಗೇವಾಡಿ ಸೀಮೆಗೆ ಈ ಪಾಠ ಹೊಸದೂ ಅಲ್ಲ. ಕೂಡಗಿಯ ವಿದ್ಯುತ್ ಸ್ಥಾವರದ ವಿರುದ್ಧ 2014ರ ಜುಲೈನಲ್ಲಿ ರೈತರು ಬೀದಿಗಿಳಿದಾಗ ಪೊಲೀಸರು ಗುಂಡು ಹಾರಿಸಿದ್ದು ಅಲ್ಲಿನವರಿಗೆ ಇನ್ನೂ ನೆನಪಿದೆ. ಫ್ಯಾಕ್ಟರಿ ಬರಬೇಕು. ಆದರೆ ಷರತ್ತು ಮೊದಲು ಬರೆದಾಗಬೇಕು.

ಕಲೆ ಉಳಿಸಿ ಅನ್ನೋರಿಗೆ ಒಂದು ಪ್ರಶ್ನೆ

ಮತ್ತೆ ಸಿಂದಗಿಗೆ ಬರ್ತೀನಿ. ಸೆಂಟರಿನಿಂದ ಹೊರಗೆ ಬಂದ ಆ ಹಿರಿಯರ ಜೊತೆ ಚಹಾ ಕುಡಿದೆ. ಹಲಗಿ ಹೆಂಗ ಮಾಡ್ತೀರಿ ಕಾಕಾ ಅಂದೆ. ಚರ್ಮ ಸುಣ್ಣದಾಗ ನೆನಸೋದು, ಕೂದಲು ಹೆರಿಯೋದು, ಬಳಿಗೆ ಬಿಗಿಯೋದು, ಬೆಂಕಿಗೆ ಕಾಸಿ ದನಿ ನೋಡೋದು, ಎಲ್ಲಾ ಹೇಳಿದರು. ಸುಣ್ಣ ತಿಂದು ಒಡೆದ ಬೆರಳು ತೋರಿಸಿದರು. 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಚರ್ಮ ತರೋದೇ ಅಂಜಿಕೆ ಅಂದರು. "ಸತ್ತ ದನದ ಚರ್ಮ ಆದ್ರೂ ದಾರ್‍ಯಾಗ ನಿಂದ್ರಿಸಿ ಕೇಳ್ತಾರ್ರಿ. ನಾ ಏನಂತ ಹೇಳ್ಲಿ?" ಈಗ ಪೇಟೆಯಿಂದ ಪ್ಲಾಸ್ಟಿಕ್ ಹಾಳೆಯ ಹಲಗಿ ಬಂದಿವೆ, ಕಾಸೋದೇ ಬೇಡ, ಅವನ್ನೇ ಒಯ್ತಾರೆ ಅಂದರು.

ಮಗ ಏನು ಮಾಡ್ತಾನೆ ಅಂತ ಕೇಳಿದೆ. ಪುಣೆಯಲ್ಲಿ ಗೌಂಡಿ ಕೆಲಸ. "ಅವ ಇದನ್ನ ಮುಟ್ಟಾಂಗಿಲ್ಲರಿ. ಹಲಗಿ ಬಾರಸಾಕ ಕರದ್ರ ಬಾ ಅಂತಾರ, ಉಣ್ಣಾಕ ಹೊರಗ ಕುಂದ್ರಸ್ತಾರ. ಅವಂದು ಖರೇನ ಐತಿ."

ಇಲ್ಲಿ ನಾವು ಪ್ರಾಮಾಣಿಕವಾಗಿರಬೇಕು. 'ಅಳಿಯುತ್ತಿರುವ ಜಾನಪದ ಉಳಿಸಿ' ಅಂತ ನಗರದಲ್ಲಿ ಕೂತು ಹೇಳೋದು ಸುಲಭ. ಹಲಗಿ ಒಂದು ಜಾತಿಯ ಮೇಲೆ ಹೊರಿಸಿದ ಬಿಟ್ಟಿ ಚಾಕರಿ. ಜಾತ್ರೆಗೆ ಬಾರಿಸು, ಹೆಣದ ಮುಂದೆ ಬಾರಿಸು, ಮೇಲೆ ಒಂದಿಷ್ಟು ಕಾಳು ತಗೋ. ಆ ಚಾಕರಿ ಒಲ್ಲೆ ಅಂದ ಮಗ ಕಲೆಗೆ ದ್ರೋಹ ಮಾಡಿಲ್ಲ, ತನ್ನ ಘನತೆ ಉಳಿಸಿಕೊಂಡಿದ್ದಾನೆ. ದಲಿತ ಚಳವಳಿ ಇದೇ ಹಲಗಿಯನ್ನು ಬೀದಿಯ ಹೋರಾಟದಲ್ಲಿ ಎತ್ತಿ ಹಿಡಿದದ್ದೂ ಇದೇ ಘನತೆಗಾಗಿ. ಟಿ.ಎಂ. ಕೃಷ್ಣ 2020ರಲ್ಲಿ ಮೃದಂಗ ಮಾಡುವ ದಲಿತ ಕ್ರೈಸ್ತ ಕುಟುಂಬಗಳ ಬಗ್ಗೆ 'ಸೆಬಾಸ್ಟಿಯನ್ ಅಂಡ್ ಸನ್ಸ್' ಬರೆದಾಗ ಚೆನ್ನೈನ ಕಲಾಕ್ಷೇತ್ರ ಪುಸ್ತಕ ಬಿಡುಗಡೆಗೆ ಕೊಟ್ಟ ಸಭಾಂಗಣವನ್ನೇ ವಾಪಸ್ ಪಡೆಯಿತು. ಮೃದಂಗದ ನಾದ ಸಭೆಗೆ ಬೇಕು, ಚರ್ಮದ ಮಾತು ಬೇಡ.

ಹಾಗಾಗಿ ಪ್ರಶ್ನೆ ಇದು. ಹಲಗಿ ಮಾಡೋದು ಕೂಲಿ ಇರೋ, ಹೆಸರಿರೋ, ವಿಮೆ ಇರೋ ಕಸುಬಾದರೆ ಯಾವ ಜಾತಿಯ ಹುಡುಗನಾದರೂ ಕಲಿಯಬಹುದು, ಯಾವ ಜಾತಿಯವನಾದರೂ ಬಿಡಬಹುದು. ಅದ್ಯಾವುದನ್ನೂ ಕೊಡದೆ ಕಲೆ ಉಳಿಯಲಿ ಅನ್ನೋದು, ಆ ಕೇರಿಯವರು ಬಿಟ್ಟಿ ಚಾಕರಿ ಮುಂದುವರಿಸಲಿ ಅಂದ ಹಾಗೇ. ವಿಶ್ವಕರ್ಮ ಅರ್ಜಿಯಲ್ಲಿ ಹಲಗಿಯವನನ್ನು ಚಪ್ಪಲಿ ಹೊಲಿಯುವವನು ಅಂತ ಬರೆದಾಗ ಆಗೋದೂ ಇದೇ. ಕಸುಬು ಅಳಿಸಿ ಹೋಗುತ್ತೆ, ಜಾತಿ ಉಳಿಯುತ್ತೆ.

ಏನು ಕೇಳಬೇಕು

ಒಂದು: ಕೇಂದ್ರದ ಪಟ್ಟಿಗೆ ವಾದ್ಯ ತಯಾರಕರನ್ನು ಹತ್ತೊಂಬತ್ತನೇ ಕಸುಬಾಗಿ ಸೇರಿಸಬೇಕು. ಆ ಪಟ್ಟಿಯಲ್ಲಿದ್ದವರಿಗೆ ಸಲಕರಣೆಗೆ 15,000 ರೂಪಾಯಿ, ತರಬೇತಿಯ ದಿನಕ್ಕೆ 500 ರೂಪಾಯಿ, ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಕಡಿಮೆ ಬಡ್ಡಿಯ ಸಾಲ ಇದೆ. ದಿಲ್ಲಿ ಒಪ್ಪೋವರೆಗೂ ಕಾಯಬೇಕಿಲ್ಲ. ರಾಜ್ಯದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿ ತನ್ನ ಪಟ್ಟಿಗೆ 'ವಾದ್ಯ ತಯಾರಕರು' ಅಂತ ಒಂದು ಸಾಲು ಸೇರಿಸೋಕೆ ಬೆಂಗಳೂರಿನಲ್ಲೇ ಒಂದು ಸಹಿ ಸಾಕು.

ಎರಡು: ಸಂಸ್ಕೃತಿ ಇಲಾಖೆಯ ವಾದ್ಯ ಖರೀದಿ ಧನಸಹಾಯದ ಬಿಲ್ಲಿನಲ್ಲಿ ಅಂಗಡಿಯ ಹೆಸರಿನ ಜೊತೆ ವಾದ್ಯ ಮಾಡಿದವನ ಹೆಸರೂ ಇರಬೇಕು ಅಂತ ನಿಯಮ ಮಾಡಲಿ. ಖರ್ಚು ಸೊನ್ನೆ. ಎರಡೇ ವರ್ಷದಲ್ಲಿ ಯಾವ ತಾಲೂಕಿನಲ್ಲಿ ಯಾರು ಏನು ಮಾಡ್ತಾರೆ ಅನ್ನೋ ಪಟ್ಟಿ ತಾನಾಗೇ ಸಿದ್ಧವಾಗುತ್ತೆ. ಅದೇ ಪಟ್ಟಿಯ ಮೇಲೆ ಮಾಸಾಶನವನ್ನೂ ಮಾಡುವವರಿಗೆ ವಿಸ್ತರಿಸಬಹುದು.

ಮೂರು: ಕೇಂದ್ರ ಅಧಿಸೂಚನೆ ಹೊರಡಿಸಿದ ಅಪಾಯಕಾರಿ ಕೆಲಸದಲ್ಲಿ ಒಬ್ಬನೇ ನೌಕರ ಇದ್ದರೂ ಇಎಸ್ಐ ಅನ್ವಯಿಸಬಹುದು ಎಂದು ಸಾಮಾಜಿಕ ಭದ್ರತಾ ಸಂಹಿತೆ ಹೇಳುತ್ತೆ. ಮರದ ಪುಡಿಯ ಕೆಲಸ, ಚರ್ಮ ಹದ ಮಾಡೋ ಕೆಲಸ ಆ ಅಧಿಸೂಚನೆಗೆ ಬರಬೇಕು. ಎರಡೂ ರಾಜ್ಯದ ಸಂಸದರು ಸೇರಿ ಕೇಳಬಹುದಾದ ಬೇಡಿಕೆ ಇದು. ಗಡಿ ಅಂದರೆ ಬರೀ ಜಗಳಕ್ಕೆ ಅಂತ ಯಾರು ಹೇಳಿದರು?

ನಾಲ್ಕು: ನಾಳೆ ವಿಜಯಪುರಕ್ಕೆ ಯಾವುದೇ ಫ್ಯಾಕ್ಟರಿ ಬರಲಿ, ವಾದ್ಯದ್ದೋ ಬೇರೆಯದ್ದೋ, ಜಮೀನು ಕೊಡುವ ಕಾಗದದಲ್ಲೇ ನೇರ ನೇಮಕಾತಿ, ಸಂಘ ಕಟ್ಟೋ ಹಕ್ಕು, ಮುಚ್ಚುವ ಮುನ್ನ ನೋಟಿಸ್ ಮತ್ತು ಪರಿಹಾರ ಬರೆದಿರಬೇಕು. ಜಾತ್ರೆ ಮುಗಿದ ಮೇಲೆ ಟೆಂಟ್ ಕಿತ್ತ ಹಾಗೆ ಕಿತ್ತುಕೊಂಡು ಹೋಗೋಕೆ ಆಗಬಾರದು.

ಇವ್ಯಾವೂ ಕ್ರಾಂತಿಯಲ್ಲ, ಕಾಗದದ ಮೇಲಿನ ನಾಲ್ಕು ಸಾಲು. ಆದರೆ ನಾಲ್ಕು ಸಾಲಿಗೂ ಕೇಳುವ ಬಾಯಿ ಬೇಕು. ನಿಮ್ಮೂರಿನ ಕಾಲೇಜಿನ ಯುವಜನೋತ್ಸವದಲ್ಲಿ ಡೊಳ್ಳು ಬಾರಿಸ್ತೀರಲ್ಲ, ಅದನ್ನ ಯಾರು ಮಾಡಿದ್ದು ಅಂತ ಒಮ್ಮೆ ವಿಚಾರಿಸಿ. ಗ್ರಾಮಸಭೆಯಲ್ಲಿ, ತಾಲೂಕು ಪಂಚಾಯ್ತಿಯಲ್ಲಿ ಆ ಹೆಸರು ಹೇಳಿ. ನಿಮ್ಮ ಶಾಸಕರು ಜಾನಪದ ಜಾತ್ರೆ ಉದ್ಘಾಟಿಸೋಕೆ ಬಂದಾಗ ಈ ಪ್ರಶ್ನೆಯನ್ನು ಮೈಕಿನಲ್ಲೇ ಕೇಳಿ.

ಆ ಹಿರಿಯರ ಅರ್ಜಿ ಕೊನೆಗೆ ಏನಾಯ್ತು ಅಂತೀರಾ? ಹುಡುಗ 'ಚಮ್ಮಾರ' ಅಂತಲೇ ಹಾಕಿದ. ಬೇರೆ ದಾರಿ ಇರಲಿಲ್ಲ, ಅವನದೇನೂ ತಪ್ಪಿಲ್ಲ. ಹೆಬ್ಬೆರಳು ಒತ್ತೋಕೆ ಹೇಳಿದಾಗ ಮಷೀನು ಮೂರು ಸಲ ಒಪ್ಪಲಿಲ್ಲ. ಸುಣ್ಣದ ನೀರಿನಲ್ಲಿ ನಲವತ್ತು ವರ್ಷ ನೆನೆದ ಬೆರಳಿನಲ್ಲಿ ಗೆರೆಗಳೇ ಸವೆದಿದ್ದವು. ನಾಲ್ಕನೇ ಸಲಕ್ಕೆ ಇನ್ನೊಂದು ಕೈಯ ಬೆರಳು ಇಟ್ಟರು. ಒಪ್ಪಿತು.